ಹಾಸು ಮತ್ತು ಹೊಕ್ಕು: ತಂತ್ರಾಂಶ ಶ್ರೇಣಿಗಳಲ್ಲಿ ಅಡ್ಡಹಾಯುವ ಲಕ್ಷಣಗಳ ನಿರ್ವಹಣೆ

೧. ವಿಷಯ ಪ್ರವೇಶ

ಇತಿಹಾಸದ ಅಧ್ಯಾಪಕನಿಗೂ ಗಣಕಯಂತ್ರದ ತಂತ್ರಾಂಶಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಸಂಬಂಧವು ದಸ್ತಾವೇಜಿನ ಮೂಲಕ ಒದಗಿದೆ. ಹಿಂದಿನವರ ದಾಖಲೆಗಳನ್ನು ಕುಲಕರ್ಣಿಯೋ ತಲಾಠಿಯೋ ಲೇಖನಿಯಿಂದ ಬರೆಯುತ್ತಿದ್ದರು. ನಮ್ಮ ಕಾಲದ ದಾಖಲೆಗಳನ್ನು ತಂತ್ರಾಂಶವು ಬರೆಯುತ್ತಿದೆ. ಬರೆದವನ ಅಭ್ಯಾಸಗಳನ್ನು ತಿಳಿಯದೆ ಅವನು ಬರೆದ ಕಾಗದವನ್ನು ಪ್ರಮಾಣವೆಂದು ಸ್ವೀಕರಿಸಲಾಗದು ಎಂಬುದು ಇತಿಹಾಸ ಸಂಶೋಧನೆಯ ಮೊದಲ ಪಾಠ. ಆದಕಾರಣ ಇನ್ನು ನೂರು ವರ್ಷಗಳ ತರುವಾಯ ಇಂಡಿ ತಾಲ್ಲೂಕಿನ ಹೊರ್ತಿಯಂಥ ಒಂದು ಗ್ರಾಮದ ಭೂಚರಿತ್ರೆಯನ್ನು ಬರೆಯಹೊರಡುವವನು ಶಾಯಿ, ಕಾಗದ, ಮೊಹರುಗಳನ್ನಲ್ಲ, ತಂತ್ರಾಂಶದ ರಚನೆಯನ್ನೇ ಪರೀಕ್ಷಿಸಬೇಕಾದೀತು. ಆ ರಚನೆಯಲ್ಲಿ ಎದುರಾಗುವ ಒಂದು ಮುಖ್ಯ ತೊಡಕನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಒಂದೇ ಬಗೆಯ ಕಾರ್ಯಕ್ಕೆ ಬೇಕಾಗುವ ಹಲವು ತಂತ್ರಾಂಶಗಳನ್ನು ಒಂದೊಂದನ್ನಾಗಿ ಬುಡದಿಂದ ರಚಿಸದೆ, ಅವೆಲ್ಲಕ್ಕೂ ಸಮಾನವಾದ ಭಾಗವನ್ನು ಒಮ್ಮೆ ಸಿದ್ಧಪಡಿಸಿಕೊಂಡು, ವ್ಯತ್ಯಾಸಗೊಳ್ಳುವ ಭಾಗಗಳನ್ನು ಮಾತ್ರ ಬೇಕಾದಂತೆ ಆರಿಸಿ ಕೂಡಿಸುವ ಕ್ರಮವೊಂದಿದೆ. ಅದನ್ನು ಸಾಫ್ಟ್‌ವೇರ್ ಪ್ರಾಡಕ್ಟ್ ಲೈನ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ತಂತ್ರಾಂಶ ಶ್ರೇಣಿ ಎನ್ನಬಹುದು. ೧೯೭೬ರಲ್ಲಿ ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು ಈ ವಿಚಾರಕ್ಕೆ ಒಂದು ಸ್ಪಷ್ಟ ರೂಪವನ್ನು ಕೊಟ್ಟರು. ಯಾವ ತಂತ್ರಾಂಶಗಳ ಸಮಾನ ಗುಣಗಳನ್ನು ಮೊದಲು ಅರಿತು ಆಮೇಲೆ ಅವುಗಳ ಭೇದಗಳನ್ನು ಅರಿಯುವುದು ಲಾಭಕರವೋ ಅವೆಲ್ಲವೂ ಒಂದು ಕುಟುಂಬಕ್ಕೆ ಸೇರುತ್ತವೆ ಎಂಬುದು ಅವರ ಅಭಿಪ್ರಾಯದ ಸಾರ. ೧೯೯೦ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕ್ಯೋ ಕಾಂಗ್ ಮತ್ತು ಅವರ ಸಹೋದ್ಯೋಗಿಗಳು, ಇಂಥ ಕುಟುಂಬದ ಲಕ್ಷಣಗಳನ್ನು ವಂಶವೃಕ್ಷದಂತೆ ಬರೆದು ತೋರಿಸುವ ಪದ್ಧತಿಯನ್ನು ಪ್ರಕಟಿಸಿದರು. ಯಾವ ಲಕ್ಷಣವು ಎಲ್ಲದರಲ್ಲಿಯೂ ಇರಲೇಬೇಕು, ಯಾವುದು ಐಚ್ಛಿಕ, ಯಾವುದು ಇನ್ನೊಂದನ್ನು ಬೇಡುತ್ತದೆ, ಯಾವುದು ಇನ್ನೊಂದನ್ನು ಒಲ್ಲೆನ್ನುತ್ತದೆ ಎಂಬುದೆಲ್ಲ ಆ ವೃಕ್ಷದಿಂದ ತಿಳಿಯುತ್ತದೆ.

೨. ನಮ್ಮ ನಾಡಿನ ಒಂದು ಕುಟುಂಬ

ಈ ವಿಷಯಕ್ಕೆ ಹೊರದೇಶದ ಕಾರ್ಖಾನೆಗಳ ನಿದರ್ಶನಗಳನ್ನು ಹುಡುಕಬೇಕಾಗಿಲ್ಲ. ೧೯೫೬ರ ನವೆಂಬರ್ ೧ರಂದು ಏಕೀಕರಣವಾದಾಗ, ಮುಂಬಯಿ ರಾಜ್ಯದಿಂದ ಬಂದ ಜಿಲ್ಲೆಗಳು, ಹೈದರಾಬಾದಿನಿಂದ ಬಂದ ಜಿಲ್ಲೆಗಳು, ಮದರಾಸಿನಿಂದ ಬಂದ ಪ್ರದೇಶಗಳು, ಕೊಡಗು ಮತ್ತು ಹಳೆಯ ಮೈಸೂರು ಎಂಬ ಐದು ಆಡಳಿತ ಪರಂಪರೆಗಳು ಒಂದೆಡೆ ಸೇರಿದವು. ಐದಕ್ಕೂ ಕಂದಾಯದ ಪದ್ಧತಿಗಳು ಬೇರೆಬೇರೆ. ವಿಜಯಪುರದ ಸೀಮೆಯಲ್ಲಿ ಇಂದಿಗೂ ರೈತರು ಪಹಣಿಯನ್ನು ಉತಾರವೆಂದೇ ಕರೆಯುತ್ತಾರೆ. ಇದು ಮುಂಬಯಿ ಆಡಳಿತದ ಕಾಲದಿಂದ ಉಳಿದುಬಂದ ಮಾತು. ಇಲ್ಲಿ ಭೂಮಿಯ ಅಳತೆ ಎಕರೆ ಗುಂಟೆಗಳಲ್ಲಿ. ದಕ್ಷಿಣ ಕನ್ನಡದಲ್ಲಿ ಎಕರೆ ಸೆಂಟ್ಸುಗಳಲ್ಲಿ. ಕೊಡಗಿನ ಜಮ್ಮ, ಬಾಣೆ ಹಿಡುವಳಿಗಳು ಬೇರೆಲ್ಲಿಯೂ ಇಲ್ಲ. ೧೯೬೪ರ ಭೂಕಂದಾಯ ಅಧಿನಿಯಮವು ಇವೆಲ್ಲಕ್ಕೂ ಒಂದೇ ಕಾನೂನಿನ ಚೌಕಟ್ಟನ್ನು ಒದಗಿಸಿತಾದರೂ, ಸ್ಥಳೀಯ ಭೇದಗಳು ಪೂರ್ಣವಾಗಿ ಅಳಿಯಲಿಲ್ಲ. ಸಮಾನತೆಯನ್ನು ಸ್ಥಾಪಿಸಿ ಭೇದಗಳಿಗೆ ಎಡೆಕೊಡುವುದೇ ಶ್ರೇಣಿಯ ಧರ್ಮವಾದುದರಿಂದ, ಆ ಕಾನೂನನ್ನೇ ಒಂದರ್ಥದಲ್ಲಿ ಶ್ರೇಣಿಯ ಮೂಲಮಾದರಿ ಎನ್ನಬಹುದು.

ಈ ಶತಮಾನದ ಆರಂಭದಲ್ಲಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ನೆರವಿನಿಂದ ರಾಜ್ಯದ ಎಲ್ಲ ತಾಲ್ಲೂಕುಗಳಲ್ಲಿಯೂ ‘ಭೂಮಿ’ ಎಂಬ ತಂತ್ರಾಂಶವು ಆಚರಣೆಗೆ ಬಂದಿತು. ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳು ಕೈಬರಹದಿಂದ ಗಣಕಕ್ಕೆ ಏರಿದವು. ಆರಂಭದಲ್ಲಿ ೧೫ ರೂಪಾಯಿ ಕೊಟ್ಟ ರೈತನಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿಯೇ ಮುದ್ರಿತ ಪಹಣಿ ದೊರೆಯುತ್ತಿತ್ತು. ಆಮೇಲೆ ನೋಂದಣಿಗೆ ‘ಕಾವೇರಿ’, ಮೋಜಣಿಗೆ ‘ಮೋಜಿಣಿ’, ಜಾತಿ ಆದಾಯಗಳ ಪ್ರಮಾಣಪತ್ರಗಳಿಗೆ ನಾಡಕಚೇರಿಯ ತಂತ್ರಾಂಶ ಎಂಬಂತೆ ಇದಕ್ಕೆ ಬಂಧುಗಳು ಬೆಳೆದರು. ಸರ್ವೆ ನಂಬರೊಂದರ ಒಂದು ಭಾಗವನ್ನು ಮಾರಬೇಕಾದರೆ ಮೊದಲು ಹನ್ನೊಂದು-ಇ ನಕ್ಷೆ, ಆಮೇಲೆ ನೋಂದಣಿ, ಆಮೇಲೆ ಖಾತೆ ಬದಲಾವಣೆ ಎಂಬ ಕ್ರಮದಲ್ಲಿ ಇವು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಕಟ್ಟುನಿಟ್ಟಾದ ಶಾಸ್ತ್ರಾರ್ಥದಲ್ಲಿ ಇವು ಒಂದೇ ಮೂಲದಿಂದ ಯೋಜಿತವಾಗಿ ಹುಟ್ಟಿದ ಶ್ರೇಣಿಯಲ್ಲ. ಇವುಗಳ ಒಳರಚನೆಯನ್ನು ವಿಮರ್ಶಿಸುವುದೂ ಇಲ್ಲಿಯ ಉದ್ದೇಶವಲ್ಲ. ಆದರೆ ರೈತನ ಕಣ್ಣಿಗೆ ಇವು ಒಂದೇ ಮನೆತನದವು. ಇಂಥ ಒಂದು ಕುಟುಂಬವನ್ನು ಶ್ರೇಣಿಯಾಗಿ ಕಟ್ಟಬೇಕಾದರೆ ಯಾವ ಸಮಸ್ಯೆ ಎದುರಾಗುತ್ತದೆ ಎಂಬುದನ್ನು ವಿಚಾರಿಸೋಣ.

೩. ಅಡ್ಡಹಾಯುವ ಲಕ್ಷಣವೆಂದರೇನು?

ತಂತ್ರಾಂಶವನ್ನು ಭಾಗಗಳಾಗಿ ವಿಂಗಡಿಸುವಾಗ ಸಾಮಾನ್ಯವಾಗಿ ಅದು ಮಾಡುವ ಕಾರ್ಯಗಳನ್ನು ಅನುಸರಿಸುತ್ತಾರೆ. ಪಹಣಿ ಕೊಡುವುದು ಒಂದು ಭಾಗ, ಖಾತೆ ಬದಲಾಯಿಸುವುದು ಇನ್ನೊಂದು, ಬೆಳೆ ದಾಖಲಿಸುವುದು ಮತ್ತೊಂದು, ಸಾಲದ ಋಣಭಾರ ಬರೆಯುವುದು ಮಗುದೊಂದು. ಇವು ಮಗ್ಗದ ಮೇಲಿನ ಹಾಸಿನ ಎಳೆಗಳಂತೆ ಒಂದರ ಪಕ್ಕದಲ್ಲಿ ಒಂದು ನಿಲ್ಲುತ್ತವೆ. ಆದರೆ ಕೆಲವು ಲಕ್ಷಣಗಳು ಹೀಗೆ ಒಂದು ಎಳೆಯಲ್ಲಿ ನಿಲ್ಲತಕ್ಕವಲ್ಲ. ಉದಾಹರಣೆಗೆ, ಕೆಲಸ ಮಾಡುವ ಅಧಿಕಾರಿಯು ನಿಜವಾಗಿಯೂ ಅವನೇ ಎಂದು ಬೆರಳಚ್ಚಿನಿಂದ ಖಚಿತಪಡಿಸಿಕೊಳ್ಳುವುದು. ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬುದನ್ನು ದಾಖಲಿಸುವುದು. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವುದು. ಕನ್ನಡ ಅಕ್ಷರಗಳನ್ನು ಸರಿಯಾಗಿ ಇರಿಸುವುದು ಮತ್ತು ಹೋಲಿಸುವುದು. ಇವು ಯಾವ ಒಂದು ಭಾಗಕ್ಕೂ ಸೇರಿದವಲ್ಲ. ಎಲ್ಲ ಭಾಗಗಳನ್ನೂ ಹಾಯ್ದುಹೋಗತಕ್ಕವು. ಹಾಸನ್ನು ಅಡ್ಡಲಾಗಿ ದಾಟುವ ಹೊಕ್ಕಿನ ಎಳೆ ಹೇಗೋ ಹಾಗೆ. ಇವನ್ನೇ ಅಡ್ಡಹಾಯುವ ಲಕ್ಷಣಗಳೆನ್ನುತ್ತಾರೆ. ಹಾಸುಹೊಕ್ಕಾಗಿದೆ ಎಂಬ ನಮ್ಮ ನುಡಿ ಈ ಸ್ಥಿತಿಯನ್ನೇ ಸೂಚಿಸುತ್ತದೆ.

ಇದರಿಂದ ಎರಡು ಬಗೆಯ ತೊಂದರೆಗಳು ಹುಟ್ಟುತ್ತವೆ. ಒಂದೇ ಲಕ್ಷಣಕ್ಕೆ ಸೇರಿದ ಸಾಲುಗಳು ನೂರಾರು ಕಡೆ ಹಂಚಿಹೋಗುವುದು ಮೊದಲನೆಯದು. ಇದನ್ನು ಚದುರುವಿಕೆ ಎನ್ನಬಹುದು. ಒಂದೇ ಭಾಗದೊಳಗೆ ಅದರ ಸ್ವಂತ ಕೆಲಸವೂ ಐದಾರು ಹೊರಗಿನ ಲಕ್ಷಣಗಳೂ ಹೆಣೆದುಕೊಂಡು ಓದುವವನಿಗೆ ತಲೆಬುಡ ತಿಳಿಯದಾಗುವುದು ಎರಡನೆಯದು, ಇದು ತೊಡಕು. ಒಂಟಿ ತಂತ್ರಾಂಶದಲ್ಲಿ ಇವು ಬರಿಯ ಕಿರುಕುಳ. ಶ್ರೇಣಿಯಲ್ಲಿ ಇವು ದೊಡ್ಡ ವಿಪತ್ತು. ಏಕೆಂದರೆ ಅಲ್ಲಿ ಲಕ್ಷಣಗಳಲ್ಲಿ ಹಲವು ಐಚ್ಛಿಕ: ಒಂದು ಉತ್ಪನ್ನಕ್ಕೆ ಬೇಕು, ಇನ್ನೊಂದಕ್ಕೆ ಬೇಡ. ಚದುರಿಹೋದುದನ್ನು ತೆಗೆಯುವುದೂ ಕಷ್ಟ, ಸೇರಿಸುವುದೂ ಕಷ್ಟ.

ಒಂದು ಸಣ್ಣ ನಿದರ್ಶನವನ್ನು ಹೊರ್ತಿ ಎಂಬ ಹೆಸರಿನಿಂದಲೇ ತೆಗೆದುಕೊಳ್ಳಬಹುದು. ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಯೂನಿಕೋಡ್ ಸಂಕೇತದಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಂತೆ ಗಣಕವು ಹೊರ್ತಿ ಎಂಬುದನ್ನು ಆರು ಸಂಖ್ಯೆಗಳಾಗಿ ಇರಿಸಿಕೊಳ್ಳುತ್ತದೆ: ಹಕಾರಕ್ಕೆ ೩೨೫೭, ಒತ್ವಕ್ಕೆ ೩೨೭೪, ರಕಾರಕ್ಕೆ ೩೨೪೮, ಹಲಂತಕ್ಕೆ ೩೨೭೭, ತಕಾರಕ್ಕೆ ೩೨೩೬, ಇತ್ವಕ್ಕೆ ೩೨೬೩. ಆದರೆ ಒತ್ವವನ್ನು ಎತ್ವದ ೩೨೭೦ ಮತ್ತು ಊತ್ವದ ೩೨೬೬ ಎಂಬ ಎರಡು ಸಂಖ್ಯೆಗಳಿಂದಲೂ ಬರೆಯಬಹುದು. ಸಂಕೇತದ ನಿಯಮದ ಪ್ರಕಾರ ಎರಡೂ ಸಮಾನ. ಆಗ ಅದೇ ಹೆಸರು ಏಳು ಸಂಖ್ಯೆಗಳಾಗುತ್ತದೆ. ಕಣ್ಣಿಗೆ ಭೇದವಿಲ್ಲ, ಸಂಖ್ಯೆಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಅವು ಎರಡು ಬೇರೆ ಊರುಗಳು. ಯೂನಿಕೋಡಿಗೆ ಮುಂಚಿನ ಅಕ್ಷರಜೋಡಣೆಯ ತಂತ್ರಾಂಶಗಳಲ್ಲಿಯಂತೂ ಉಚ್ಚಾರಣೆಯ ಕ್ರಮವನ್ನಲ್ಲ, ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತಿದ್ದುದರಿಂದ ಅರ್ಕಾವತ್ತು ತಕಾರದ ಅನಂತರ ಬಂದು ಕೂರುತ್ತಿತ್ತು.

ಅಕಾರಾದಿಯ ವಿಷಯವೂ ಹೀಗೆಯೇ. ಯೂನಿಕೋಡಿನಲ್ಲಿ ಳಕಾರದ ಸಂಖ್ಯೆ ೩೨೫೧. ಅದು ಲಕಾರದ ೩೨೫೦ಕ್ಕೂ ವಕಾರದ ೩೨೫೩ಕ್ಕೂ ನಡುವೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಾದರೋ ಳಕಾರವು ಹಕಾರದ ಅನಂತರ, ಕಟ್ಟಕಡೆಗೆ. ಆದ್ದರಿಂದ ಬರಿಯ ಸಂಖ್ಯೆಗಳನ್ನು ನಂಬಿ ಖಾತೆದಾರರ ಪಟ್ಟಿಯನ್ನು ಜೋಡಿಸಿದರೆ ಕಳಕಪ್ಪನ ಹೆಸರು ಕವಿತಾಳ ಹೆಸರಿಗಿಂತ ಮೊದಲು ಬರುತ್ತದೆ; ನಿಘಂಟಿನ ಕ್ರಮದಲ್ಲಿ ಹುಡುಕುವವನಿಗೆ ಅದು ತಪ್ಪಿದ ಸ್ಥಳ. ಹೆಸರುಗಳನ್ನು ಹೋಲಿಸುವ ಮತ್ತು ಜೋಡಿಸುವ ಈ ನಿಯಮವನ್ನು ಪಹಣಿಯ ಭಾಗದವರು ಒಂದು ರೀತಿ, ನೋಂದಣಿಯ ಭಾಗದವರು ಇನ್ನೊಂದು ರೀತಿ ಬರೆದುಕೊಂಡರೆ, ಒಂದೇ ರೈತನ ಒಂದೇ ಹೊಲವು ಒಂದು ತಂತ್ರಾಂಶದಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಕ್ಕದೆ ಹೋದೀತು.

೪. ಹೆಸರು ಬದಲಾದ ಜಿಲ್ಲೆ

ಇನ್ನೂ ದೊಡ್ಡ ನಿದರ್ಶನವು ನಮ್ಮ ಜಿಲ್ಲೆಯ ಹೆಸರೇ ಆಗಿದೆ. ೧೮೮೫ರಲ್ಲಿ ಜಿಲ್ಲೆಯ ಕೇಂದ್ರವು ಕಲಾದಗಿಯಿಂದ ಬಿಜಾಪುರಕ್ಕೆ ಬಂದಿತು. ೧೯೫೬ರಲ್ಲಿ ಮುಂಬಯಿ ಹೋಗಿ ಮೈಸೂರು ರಾಜ್ಯವಾಯಿತು. ೧೯೭೩ರಲ್ಲಿ ಮೈಸೂರು ಹೋಗಿ ಕರ್ನಾಟಕವಾಯಿತು. ೧೯೯೭ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತು. ೨೦೧೪ರ ನವೆಂಬರ್ ೧ರಂದು ಬಿಜಾಪುರವು ವಿಜಯಪುರವಾಯಿತು. ೨೦೧೭ರಲ್ಲಿ ಸರ್ಕಾರವು ಹೊಸ ತಾಲ್ಲೂಕುಗಳನ್ನು ಘೋಷಿಸಿದ ಮೇಲೆ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ತಾಲ್ಲೂಕುಗಳು ಒಡೆದು ಬಂದವು. ಊರು ಇದ್ದಲ್ಲಿಯೇ ಇದೆ, ಹೊಲವು ಇದ್ದಲ್ಲಿಯೇ ಇದೆ. ಅದರ ತಲೆಬರಹ ಮಾತ್ರ ಮೇಲಿಂದ ಮೇಲೆ ಬದಲಾಗಿದೆ.

ಜಿಲ್ಲೆಯ ಹೆಸರು ಎಂಬುದು ಅಡ್ಡಹಾಯುವ ಲಕ್ಷಣವೆಂದು ಮೊದಲಿಗೆ ಯಾರಿಗೂ ತೋರುವುದಿಲ್ಲ. ಅದು ಬರಿಯ ಒಂದು ಪದ. ಆದರೆ ಆ ಪದವು ಪಹಣಿಯ ತಲೆಯಲ್ಲಿದೆ, ಪ್ರಮಾಣಪತ್ರದ ಮೊಹರಿನಲ್ಲಿದೆ, ರಸೀದಿಯಲ್ಲಿದೆ, ನಕ್ಷೆಯ ಮೂಲೆಯಲ್ಲಿದೆ, ಅರ್ಜಿಯ ಆಯ್ಕೆಪಟ್ಟಿಯಲ್ಲಿದೆ, ಕಚೇರಿಯಿಂದ ಕಚೇರಿಗೆ ಹೋಗುವ ಸುದ್ದಿಯಲ್ಲಿದೆ. ಒಂದೊಂದು ಭಾಗವನ್ನು ರಚಿಸಿದವನೂ ಅದನ್ನು ತನ್ನ ಭಾಗದಲ್ಲಿ ನೇರವಾಗಿ ಬರೆದಿಟ್ಟಿದ್ದರೆ, ಹೆಸರು ಬದಲಾದ ಮರುದಿನ ಆ ಎಲ್ಲ ಸ್ಥಳಗಳನ್ನೂ ಹುಡುಕಿ ತಿದ್ದಬೇಕು. ಒಂದು ತಪ್ಪಿದರೂ ಒಂದು ಕಾಗದ ಬಿಜಾಪುರವೆಂದು, ಇನ್ನೊಂದು ವಿಜಯಪುರವೆಂದು ಬರುತ್ತದೆ. ಎರಡು ಕಾಗದಗಳನ್ನು ಒಟ್ಟಿಗೆ ಹಿಡಿದು ಸಾಲ ಕೇಳಲು ಹೋದ ರೈತನು ಎರಡೂ ಒಂದೇ ಊರೆಂದು ಸಾಧಿಸುವ ಹೊಣೆಯನ್ನು ತಾನು ಹೊರಬೇಕಾಗುತ್ತದೆ. ತಂತ್ರಾಂಶ ರಚಿಸಿದವನ ಅಜಾಗರೂಕತೆಗೆ ದಂಡ ತೆರುವವನು ಅವನಲ್ಲ.

೫. ನಿರ್ವಹಣೆಯ ಮಾರ್ಗಗಳು

ಇಂಥ ಲಕ್ಷಣಗಳನ್ನು ನಿರ್ವಹಿಸಲು ಈವರೆಗೆ ಬಳಕೆಗೆ ಬಂದಿರುವ ಮಾರ್ಗಗಳನ್ನು ಒಂದೊಂದಾಗಿ ಪರಾಮರ್ಶಿಸೋಣ.

ಮೊದಲನೆಯದು ನಕಲು ಮಾಡುವ ಮಾರ್ಗ. ಒಂದು ಜಿಲ್ಲೆಗೆಂದು ಸಿದ್ಧವಾದ ತಂತ್ರಾಂಶವನ್ನು ಪೂರ್ತಿಯಾಗಿ ನಕಲಿಸಿ ಇನ್ನೊಂದು ಜಿಲ್ಲೆಗೆ ಬೇಕಾದಂತೆ ತಿದ್ದಿಕೊಳ್ಳುವುದು. ಇದು ಅತಿ ಸುಲಭ, ಅತಿ ಶೀಘ್ರ. ಆದರೆ ಮುಂದೆ ಒಂದು ದೋಷ ಕಂಡುಬಂದಾಗ ಎಲ್ಲ ನಕಲುಗಳಲ್ಲಿಯೂ ಅದನ್ನು ತಿದ್ದಬೇಕು. ಅಷ್ಟರಲ್ಲಿ ನಕಲುಗಳು ಒಂದರಿಂದೊಂದು ದೂರ ಸರಿದಿರುತ್ತವೆ. ಹಸ್ತಪ್ರತಿಗಳ ಪಾಠಭೇದಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದು ಷರತ್ತಿನ ಗುರುತುಗಳ ಮಾರ್ಗ. ಮೂಲ ಒಂದೇ ಇರುತ್ತದೆ. ಅದರೊಳಗೆ, ಇಂಥ ಲಕ್ಷಣ ಬೇಕಾಗಿದ್ದರೆ ಮಾತ್ರ ಮುಂದಿನ ಸಾಲುಗಳನ್ನು ಸೇರಿಸತಕ್ಕದ್ದು ಎಂದು ಗುರುತು ಹಾಕಿರುತ್ತಾರೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಲಿನಕ್ಸ್ ಎಂಬ ತಂತ್ರಾಂಶದ ಮೂಲವು ಸಾವಿರಾರು ಆಯ್ಕೆಗಳೊಡನೆ ಹೀಗೆಯೇ ನಡೆದಿದೆ. ನಕಲಿಗಿಂತ ಇದು ಮೇಲು; ಆದರೆ ಚದುರುವಿಕೆ ಇಲ್ಲಿ ಕೊನೆಗಾಣುವುದಿಲ್ಲ. ಗುರುತಿನೊಳಗೊಂದು ಗುರುತು ಸೇರಿದಂತೆ ಓದು ದುಸ್ತರವಾಗುತ್ತದೆ. ಈ ಕಷ್ಟವನ್ನು ಕಡಿಮೆ ಮಾಡಲು ಕ್ರಿಶ್ಚಿಯನ್ ಕೆಸ್ಟ್ನರ್ ಮತ್ತು ಅವರ ಸಹೋದ್ಯೋಗಿಗಳು ೨೦೦೮ರಲ್ಲಿ ಒಂದೊಂದು ಲಕ್ಷಣದ ಸಾಲುಗಳಿಗೆ ಒಂದೊಂದು ಬಣ್ಣವನ್ನು ಕೊಟ್ಟು ತೋರಿಸುವ ಉಪಾಯವನ್ನು ಮುಂದಿಟ್ಟರು.

ಮೂರನೆಯದು ಸಾಮಾನ್ಯ ಭಂಡಾರದ ಮಾರ್ಗ. ಬೆರಳಚ್ಚಿನ ಪರೀಕ್ಷೆ, ಹೆಸರುಗಳ ಹೋಲಿಕೆ, ಜಿಲ್ಲೆಯ ಹೆಸರು ಇವನ್ನು ಒಂದೆಡೆ ಬರೆದಿಟ್ಟು, ಬೇಕಾದ ಭಾಗಗಳೆಲ್ಲ ಅದನ್ನು ಕೇಳಿ ಪಡೆಯುವಂತೆ ಮಾಡುವುದು. ಜಿಲ್ಲೆಯ ಹೆಸರಿನಂಥ ಲಕ್ಷಣಕ್ಕೆ ಇದು ಬಹುಮಟ್ಟಿಗೆ ಸಾಕು. ಆದರೆ ಲಕ್ಷಣದ ಒಡಲು ಒಂದೆಡೆ ಸೇರಿತೇ ಹೊರತು ಅದನ್ನು ಕರೆಯುವ ಸಾಲು ಇನ್ನೂ ಪ್ರತಿಯೊಂದು ಭಾಗದಲ್ಲಿಯೂ ಉಳಿಯುತ್ತದೆ. ದಾಖಲೆ ಬದಲಾದ ಸಂಗತಿಯನ್ನು ಬರೆದಿಡುವ ಸಾಲನ್ನು ಒಬ್ಬನು ಒಂದು ಕಡೆ ಮರೆತರೆ ಸಾಕು, ಆ ದಾರಿಯಿಂದ ನಡೆದ ತಿದ್ದುಪಡಿಗೆ ಸಾಕ್ಷಿಯೇ ಇರುವುದಿಲ್ಲ.

ನಾಲ್ಕನೆಯ ಮಾರ್ಗವು ಈ ಕೊರತೆಯನ್ನು ನೀಗಲು ಹುಟ್ಟಿತು. ೧೯೯೭ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದ ಗ್ರೆಗರ್ ಕಿಚಾಲೆಸ್ ಮತ್ತು ಅವರ ಸಂಗಡಿಗರು ಆಸ್ಪೆಕ್ಟ್ ಎಂಬ ಹೊಸ ಘಟಕವನ್ನು ಪ್ರತಿಪಾದಿಸಿದರು. ನಾವು ಅದನ್ನು ಪಾರ್ಶ್ವವೆನ್ನೋಣ. ಒಂದು ಪಾರ್ಶ್ವದಲ್ಲಿ ಎರಡು ಅಂಗಗಳಿರುತ್ತವೆ. ಏನು ಮಾಡಬೇಕೆಂದು ಹೇಳುವುದು ವಿಧಿ. ಎಲ್ಲೆಲ್ಲಿ ಮಾಡಬೇಕೆಂದು ಹೇಳುವುದು ಸ್ಥಳನಿರ್ದೇಶ. ‘ಖಾತೆಯನ್ನು ಬದಲಾಯಿಸುವ ಪ್ರತಿಯೊಂದು ಕ್ರಿಯೆಯ ಅನಂತರ, ಮಾಡಿದವನ ಹೆಸರನ್ನೂ ಕಾಲವನ್ನೂ ಬರೆದಿಡತಕ್ಕದ್ದು’ ಎಂಬುದು ಒಂದು ಪಾರ್ಶ್ವ. ಮೂಲ ಭಾಗಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಕೊನೆಗೆ ಒಂದು ಯಂತ್ರವು ವಿಧಿಯನ್ನು ನಿರ್ದಿಷ್ಟ ಸ್ಥಳಗಳಲ್ಲಿ ಹೊಗಿಸಿ ಇಡೀ ತಂತ್ರಾಂಶವನ್ನು ಸಿದ್ಧಪಡಿಸುತ್ತದೆ. ಈ ಕ್ರಿಯೆಯನ್ನು ಅವರು ನೇಯ್ಗೆ ಎಂದೇ ಕರೆದರು. ಲಕ್ಷಣ ಬೇಡವೆಂದಾಗ ಆ ಒಂದು ಪಾರ್ಶ್ವವನ್ನು ಬಿಟ್ಟು ನೇಯ್ದರಾಯಿತು. ಶ್ರೇಣಿಯ ಐಚ್ಛಿಕ ಲಕ್ಷಣಗಳಿಗೆ ಇದು ಒಪ್ಪುವ ಉಪಾಯವೆಂದು ತೋರಿದುದು ಸಹಜ.

ಅದೇ ಕಾಲಕ್ಕೆ ಕ್ರಿಶ್ಚಿಯನ್ ಪ್ರೆಹೋಫರ್, ಆಮೇಲೆ ಟೆಕ್ಸಾಸಿನ ಡಾನ್ ಬೇಟರಿ ಮೊದಲಾದವರು ಐದನೆಯದಾದ ಲಕ್ಷಣಘಟಕದ ಮಾರ್ಗವನ್ನು ಬೆಳೆಸಿದರು. ಇಲ್ಲಿ ಒಂದೊಂದು ಲಕ್ಷಣಕ್ಕೆ ಬೇಕಾದ ಎಲ್ಲ ಸೇರ್ಪಡೆಗಳನ್ನೂ, ಅವು ಎಷ್ಟು ಭಾಗಗಳಿಗೆ ಸೇರಿದವಾದರೂ, ಒಂದು ಪದರದಲ್ಲಿ ಇರಿಸಿ, ಮೂಲದ ಮೇಲೆ ಪದರಗಳನ್ನು ಕ್ರಮವಾಗಿ ಹೇರುತ್ತಾರೆ. ನೂರು ಕಡೆ ಒಂದೇ ವಿಧಿಯನ್ನು ಹೊಗಿಸುವುದಕ್ಕೆ ಪಾರ್ಶ್ವವು ಅನುಕೂಲ. ನೂರು ಕಡೆ ನೂರು ಬೇರೆ ಸೇರ್ಪಡೆಗಳು ಬೇಕಾದಾಗ ಪದರವು ಅನುಕೂಲ. ಎಕರೆ ಗುಂಟೆಗಳ ಬದಲು ಎಕರೆ ಸೆಂಟ್ಸುಗಳನ್ನು ಬಳಸುವ ಜಿಲ್ಲೆಗೆ ಪದರವೂ, ಬೆರಳಚ್ಚಿನ ಪರೀಕ್ಷೆಗೆ ಪಾರ್ಶ್ವವೂ ಒಪ್ಪುತ್ತವೆ ಎಂದು ಸ್ಥೂಲವಾಗಿ ಹೇಳಬಹುದು.

೬. ಕೂಡಿದಾಗ ಹುಟ್ಟುವ ದೋಷಗಳು

ಇಷ್ಟರಿಂದ ಸಮಸ್ಯೆ ಬಗೆಹರಿಯಿತೆಂದು ತಿಳಿಯಲಾಗದು. ಬೇರೆಬೇರೆಯಾಗಿ ನಿರ್ದುಷ್ಟವಾದ ಎರಡು ಲಕ್ಷಣಗಳು ಒಂದಾದಾಗ ದೋಷವನ್ನು ಹುಟ್ಟಿಸಬಲ್ಲವು. ದೂರವಾಣಿಯವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮಾತಿನಲ್ಲಿ ತೊಡಗಿರುವಾಗ ಬಂದ ಎರಡನೆಯ ಕರೆಯನ್ನು ಕಾಯಿಸುವುದು ಒಂದು ಸೌಲಭ್ಯ. ಅಂಥ ಕರೆಯನ್ನು ಬೇರೊಂದು ಸಂಖ್ಯೆಗೆ ತಿರುಗಿಸುವುದು ಇನ್ನೊಂದು. ಎರಡನ್ನೂ ಪಡೆದ ಗ್ರಾಹಕನಿಗೆ ಎರಡನೆಯ ಕರೆ ಬಂದಾಗ ಏನಾಗಬೇಕು? ಎರಡು ಸೌಲಭ್ಯಗಳ ವಿವರಣೆಗಳನ್ನೂ ಎಷ್ಟು ಓದಿದರೂ ಉತ್ತರ ಸಿಕ್ಕುವುದಿಲ್ಲ. ಅದನ್ನು ಯಾರಾದರೂ ನಿರ್ಣಯಿಸಬೇಕು.

ಭೂದಾಖಲೆಯಲ್ಲಿಯೂ ಹೀಗೆಯೇ. ಬೆರಳಚ್ಚಿನ ಪರೀಕ್ಷೆ ಮೊದಲೋ, ಸಂಗತಿಯನ್ನು ಬರೆದಿಡುವುದು ಮೊದಲೋ? ಪರೀಕ್ಷೆ ಮೊದಲಾದರೆ, ಪರೀಕ್ಷೆಯಲ್ಲಿ ಸೋತವನು ಮಾಡಿದ ಪ್ರಯತ್ನವು ಎಲ್ಲಿಯೂ ದಾಖಲಾಗುವುದಿಲ್ಲ. ಅಕ್ರಮಕ್ಕೆ ಯತ್ನಿಸಿದವನ ಗುರುತು ಅಳಿಯುತ್ತದೆ. ಬರೆಯುವುದು ಮೊದಲಾದರೆ, ಯಾರೆಂದು ಖಚಿತವಾಗದವನ ಹೆಸರು ದಾಖಲೆ ಸೇರುತ್ತದೆ. ಪೌರ್ವಾಪರ್ಯವನ್ನು ಗೊತ್ತುಮಾಡದೆ ಬಿಟ್ಟರೆ ಯಂತ್ರವು ಯಾವುದೋ ಒಂದನ್ನು ಮಾಡುತ್ತದೆ.

ಲಕ್ಷಣಗಳ ಸಂಖ್ಯೆ ಹೆಚ್ಚಿದಂತೆ ಈ ಆತಂಕವು ಬೆಟ್ಟದಷ್ಟಾಗುತ್ತದೆ. ಪರಸ್ಪರ ಸಂಬಂಧವಿಲ್ಲದ ೧೦ ಐಚ್ಛಿಕ ಲಕ್ಷಣಗಳಿಂದ ೧,೦೨೪ ಉತ್ಪನ್ನಗಳಾಗುತ್ತವೆ, ೨೦ರಿಂದ ೧೦,೪೮,೫೭೬. ೩೩ ಲಕ್ಷಣಗಳಾದರೆ ೮೫೮ ಕೋಟಿಗೂ ಮೀರಿ, ಭೂಮಂಡಲದ ಪ್ರತಿಯೊಬ್ಬ ಮನುಷ್ಯನಿಗೂ ಒಂದೊಂದು ಬೇರೆ ತಂತ್ರಾಂಶವನ್ನು ಕೊಟ್ಟು ಇನ್ನೂ ಮಿಗುತ್ತವೆ. ಎಲ್ಲವನ್ನೂ ಪರೀಕ್ಷಿಸುವುದು ಅಸಾಧ್ಯ. ಆದರೆ ೩೩ ಲಕ್ಷಣಗಳಿಂದ ಆಗುವ ಜೋಡಿಗಳು ೫೨೮ ಮಾತ್ರ. ಅನೇಕ ದೋಷಗಳು ಎರಡೇ ಲಕ್ಷಣಗಳ ಸಂಯೋಗದಿಂದ ಹುಟ್ಟುವುದರಿಂದ, ಪ್ರತಿಯೊಂದು ಜೋಡಿಯೂ ಒಮ್ಮೆಯಾದರೂ ಕೂಡಿಬರುವಂತೆ ಕೆಲವೇ ಉತ್ಪನ್ನಗಳನ್ನು ಆರಿಸಿ ಪರೀಕ್ಷಿಸುವ ಪದ್ಧತಿ ಬಳಕೆಗೆ ಬಂದಿದೆ.

ಪಾರ್ಶ್ವಕ್ಕೆ ತನ್ನದೇ ಆದ ಇನ್ನೊಂದು ದೌರ್ಬಲ್ಯವುಂಟು. ಸ್ಥಳನಿರ್ದೇಶವನ್ನು ಸಾಮಾನ್ಯವಾಗಿ ಹೆಸರುಗಳ ಮೂಲಕ ಮಾಡುತ್ತಾರೆ. ‘ಖಾತೆ’ ಎಂದು ಆರಂಭವಾಗುವ ಹೆಸರಿನ ಕ್ರಿಯೆಗಳಿಗೆಲ್ಲ ವಿಧಿ ಅನ್ವಯಿಸಲಿ ಎಂದು ಬರೆದಿದ್ದಾರೆ ಎನ್ನೋಣ. ಮುಂದೆ ಹೊಸಬನೊಬ್ಬನು, ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಹೊಲ ಮಾಡುವ ಕ್ರಿಯೆಗೆ ನಮ್ಮ ಸೀಮೆಯ ಮಾತಿನಂತೆ ‘ವಾರಸಾ’ ಎಂದು ಹೆಸರಿಡುತ್ತಾನೆ. ವಿಧಿಯು ಅಲ್ಲಿಗೆ ಹೋಗುವುದಿಲ್ಲ. ಯಂತ್ರವು ದೂರುವುದಿಲ್ಲ, ಕೆಲಸ ನಿಲ್ಲುವುದಿಲ್ಲ. ವಾರಸುದಾರರ ಬದಲಾವಣೆಗಳು ಮಾತ್ರ ಸಾಕ್ಷಿಯಿಲ್ಲದೆ ನಡೆದುಹೋಗುತ್ತವೆ. ಅಣ್ಣತಮ್ಮಂದಿರ ನಡುವೆ ವ್ಯಾಜ್ಯ ಹುಟ್ಟಿದ ದಿನವೇ ಇದು ಬೆಳಕಿಗೆ ಬರುವುದು. ಮೂಲ ಭಾಗವನ್ನು ಓದುವವನಿಗೆ ವಿಧಿಯ ಸುಳಿವು ಕಾಣದೆ ಇರುವುದು ಈ ಮಾರ್ಗದ ಗುಣವೆಂದೆವು. ಅದೇ ಅದರ ದೋಷವೂ ಹೌದು.

೭. ಇತಿಹಾಸದ ದೃಷ್ಟಿಯಿಂದ ಒಂದು ಎಚ್ಚರಿಕೆ

ಅಡ್ಡಹಾಯುವ ಲಕ್ಷಣವನ್ನು ಒಂದೆಡೆ ಸೇರಿಸಿದ ಮೇಲೆ ಒಂದೇ ತಿದ್ದುಪಡಿಯಿಂದ ಇಡೀ ಕುಟುಂಬವನ್ನು ಬದಲಾಯಿಸುವ ಶಕ್ತಿ ದೊರೆಯುತ್ತದೆ. ಈ ಶಕ್ತಿಯನ್ನು ಕುರಿತು ಇತಿಹಾಸದ ವಿದ್ಯಾರ್ಥಿಗೆ ಹೇಳಬೇಕಾದ ಮಾತೊಂದಿದೆ.

ಜಿಲ್ಲೆಯ ಹೆಸರಿನ ನಿದರ್ಶನಕ್ಕೆ ಹಿಂದಿರುಗೋಣ. ಹೊರ್ತಿಯ ಒಬ್ಬ ರೈತನ ತಂದೆ ೧೯೭೫ರಲ್ಲಿ ಹೊಲ ಕೊಂಡನೆಂದು ಕಲ್ಪಿಸಿಕೊಳ್ಳೋಣ. ಆ ಖರೀದಿಪತ್ರದಲ್ಲಿ ಬಿಜಾಪುರ ಜಿಲ್ಲೆ ಎಂದಿರಬೇಕು. ಅಂದು ಹೆಸರು ಅದೇ ಆಗಿತ್ತು. ಹೆಸರನ್ನು ಒಂದೆಡೆ ಇರಿಸಿ, ೨೦೧೪ರಲ್ಲಿ ಅದನ್ನು ವಿಜಯಪುರವೆಂದು ತಿದ್ದಿ, ಹಳೆಯ ಪತ್ರದ ನಕಲನ್ನೂ ಅದೇ ಹೆಸರಿನಿಂದ ಮುದ್ರಿಸುವ ತಂತ್ರಾಂಶವು ಅಚ್ಚುಕಟ್ಟಾಗಿ ಕೆಲಸ ಮಾಡಿತೆಂದು ರಚಿಸಿದವನು ಹಿಗ್ಗಬಹುದು. ಆದರೆ ಅದು ಮುದ್ರಿಸಿದ್ದು ನಕಲಲ್ಲ. ೧೯೭೫ರಲ್ಲಿ ಇಲ್ಲದ ಹೆಸರನ್ನು ೧೯೭೫ರ ಬಾಯಲ್ಲಿ ಹಾಕಿದ ಕೂಟದಾಖಲೆ. ನಾಳೆ ನ್ಯಾಯಾಲಯದಲ್ಲಿ ಮೂಲಪತ್ರವನ್ನೂ ಈ ನಕಲನ್ನೂ ಒಟ್ಟಿಗಿಟ್ಟು ನೋಡಿದವರು ಮೂಲವನ್ನೇ ಸಂಶಯಿಸಬಹುದು. ಶಾಸನಗಳಲ್ಲಿಯೂ ಸನದುಗಳಲ್ಲಿಯೂ ನಾವು ಕೂಟವನ್ನು ಹಿಡಿಯುವುದು ಇದೇ ಸೂತ್ರದಿಂದ ಅಲ್ಲವೇ? ಬರೆದ ಕಾಲಕ್ಕೆ ಇಲ್ಲದ ಹೆಸರು ಅದರಲ್ಲಿದ್ದರೆ ಅದು ಆ ಕಾಲದ್ದಲ್ಲ. ಚಡಚಣ ತಾಲ್ಲೂಕಿಗೆ ಸೇರಿದ ಊರಿನ ಹಳೆಯ ಪತ್ರಗಳ ಗತಿಯೂ ಇದೇ. ಅವು ಇಂಡಿ ತಾಲ್ಲೂಕೆಂದೇ ಹೇಳಬೇಕು.

ಕೈಬರಹದ ಪುಸ್ತಕಗಳ ಕಾಲದಲ್ಲಿ ಈ ಅಪಾಯ ಇರಲಿಲ್ಲ.ರಾಜ್ಯದ ಹೆಸರು ಬದಲಾಯಿತೆಂದು ಹಳೆಯ ಪುಸ್ತಕಗಳ ಪುಟಪುಟವನ್ನೂ ತಿದ್ದುವುದು ಯಾರಿಂದಲೂ ಆಗುವ ಕೆಲಸವಾಗಿರಲಿಲ್ಲ. ಹೊಸ ಹೆಸರು ಹೊಸ ಪುಸ್ತಕದಿಂದ ಆರಂಭವಾಗುತ್ತಿತ್ತು. ಕಾಗದದ ಆ ಅನಾನುಕೂಲವೇ ಅದರ ಪ್ರಾಮಾಣ್ಯಕ್ಕೆ ಕಾವಲಾಗಿತ್ತು. ಚದುರುವಿಕೆಯನ್ನು ನಾವು ದೋಷವೆಂದು ಕರೆದೆವು. ದಾಖಲೆಯನ್ನು ಸಾರಾಸಗಟಾಗಿ ಬದಲಾಯಿಸಲು ಬರದಂತೆ ತಡೆದದ್ದು ಅದೇ ದೋಷ ಎಂಬುದನ್ನೂ ಮರೆಯಬಾರದು. ಅದನ್ನು ನಿವಾರಿಸುವವನು ಅದು ಕೊಡುತ್ತಿದ್ದ ರಕ್ಷಣೆಯನ್ನು ಬೇರೊಂದು ರೀತಿಯಲ್ಲಿ ಒದಗಿಸಲು ಬದ್ಧನಾಗುತ್ತಾನೆ.

ಈ ವಿಚಾರದಿಂದ ಹೊರಡುವ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು: ಶ್ರೇಣಿಯನ್ನು ಯೋಜಿಸುವಾಗಲೇ, ಯಾವ ಭಾಗಕ್ಕೂ ಸೇರದೆ ಎಲ್ಲ ಭಾಗಗಳಲ್ಲಿಯೂ ಕಾಣಿಸುವ ಲಕ್ಷಣಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಬರೆಯಬೇಕು; ಹೆಸರು, ಲಿಪಿ, ಅಳತೆ, ಗಡುವು, ಶುಲ್ಕಗಳಂಥ ಸಾಮಾನ್ಯ ಪದಗಳೂ ಆ ಪಟ್ಟಿಯಲ್ಲಿರಬೇಕು. ಎರಡು: ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರನನ್ನು ಗೊತ್ತುಮಾಡಬೇಕು, ಎಲ್ಲರಿಗೂ ಸೇರಿದ್ದೆಂದು ಬಿಟ್ಟರೆ ಅದು ಯಾರಿಗೂ ಸೇರದೆ ಹೋಗುತ್ತದೆ. ಮೂರು: ಏನು ಮಾಡಬೇಕೆಂಬುದರಷ್ಟೇ ಸ್ಪಷ್ಟವಾಗಿ ಎಲ್ಲೆಲ್ಲಿ ಮಾಡಬೇಕೆಂಬುದನ್ನೂ ಬರೆದು, ನೇಯ್ಗೆ ಮುಗಿದ ಮೇಲೆ ವಿಧಿಯು ಎಲ್ಲಿ ಹೊಕ್ಕಿತು, ಎಲ್ಲಿ ಹೊಗಲಿಲ್ಲ ಎಂಬ ಪಟ್ಟಿಯನ್ನು ತೆಗೆದು ಪರಿಶೀಲಿಸಬೇಕು. ನಾಲ್ಕು: ಎರಡು ಲಕ್ಷಣಗಳು ಒಂದೇ ಸ್ಥಳದಲ್ಲಿ ಸಂಧಿಸಿದಾಗ ಯಾವುದು ಮೊದಲೆಂಬುದನ್ನು ಆ ಕೆಲಸದ ನ್ಯಾಯಾನ್ಯಾಯಗಳನ್ನು ಬಲ್ಲವರು ನಿರ್ಣಯಿಸಬೇಕು. ಐದು: ಎಂದಿನಿಂದ ಎಂದಿನವರೆಗೆ ಎಂಬುದನ್ನು ಮೊದಲಿನಿಂದಲೇ ಪ್ರತಿಯೊಂದು ಲಕ್ಷಣಕ್ಕೂ ಸೇರಿಸಬೇಕು. ೨೦೧೪ರ ನವೆಂಬರ್ ೧ರ ಹಿಂದಿನ ಪತ್ರಕ್ಕೆ ಬಿಜಾಪುರ, ಅಂದಿನಿಂದ ಮುಂದಕ್ಕೆ ವಿಜಯಪುರ. ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸುವುದೇ ತಿದ್ದುಪಡಿಯ ಕ್ರಮವಾಗಬೇಕು.

೮. ಉಪಸಂಹಾರ

ತಂತ್ರಾಂಶ ಶಾಸ್ತ್ರದವರು ಅಡ್ಡಹಾಯುವ ಲಕ್ಷಣಗಳನ್ನು ಬಹುಮಟ್ಟಿಗೆ ಶ್ರಮ ಉಳಿಸುವ ದೃಷ್ಟಿಯಿಂದ ಕಂಡಿದ್ದಾರೆ. ಒಂದು ಕಡೆ ತಿದ್ದಿದರೆ ಸಾಕಾಗುವ ಕೆಲಸಕ್ಕೆ ನೂರು ಕಡೆ ಏಕೆ ತಿದ್ದಬೇಕೆಂಬುದು ನ್ಯಾಯವಾದ ಪ್ರಶ್ನೆ. ಆದರೆ ತಂತ್ರಾಂಶವು ಜನರ ಹಕ್ಕುಗಳ ದಾಖಲೆಯನ್ನು ಬರೆಯುವಾಗ ಇದು ಶ್ರಮದ ಪ್ರಶ್ನೆ ಮಾತ್ರವಾಗಿ ಉಳಿಯುವುದಿಲ್ಲ. ಕನ್ನಡದ ಅಕ್ಷರ, ಊರಿನ ಹೆಸರು, ಕೈ ಬದಲಾದ ಕಾಲ, ಬದಲಾಯಿಸಿದವನ ಗುರುತು ಇವು ಯಾವ ಅಧ್ಯಾಯದಲ್ಲಿಯೂ ತಲೆಬರಹವಾಗಿ ಕಾಣುವುದಿಲ್ಲ. ಆದರೆ ದಾಖಲೆಯನ್ನು ನಂಬಬಹುದೇ ಎಂಬುದನ್ನು ನಿರ್ಧರಿಸುವವು ಅವೇ. ಹಾಸಿನ ಎಳೆಗಳು ಎಷ್ಟೇ ಗಟ್ಟಿಯಾಗಿದ್ದರೂ ಹೊಕ್ಕು ಸಡಿಲವಾದರೆ ಅದು ಬಟ್ಟೆಯಾಗದು.

ನಮ್ಮ ಕಾಲೇಜುಗಳಲ್ಲಿ ಗಣಕ ವಿಜ್ಞಾನದ ವಿದ್ಯಾರ್ಥಿಗಳೂ ಇತಿಹಾಸದ ವಿದ್ಯಾರ್ಥಿಗಳೂ ಒಂದೇ ಕಟ್ಟಡದಲ್ಲಿದ್ದು ಬೇರೆಬೇರೆ ಮಹಡಿಗಳಲ್ಲಿ ಓದುತ್ತಾರೆ. ಮೊದಲನೆಯವರು ತಮ್ಮ ತಾಲ್ಲೂಕಿನ ಒಂದು ಉತಾರವನ್ನು ಮುಂದಿಟ್ಟುಕೊಂಡು ಅದರಲ್ಲಿ ಎಷ್ಟು ಲಕ್ಷಣಗಳು ಅಡ್ಡಹಾಯ್ದಿವೆ ಎಂದು ಎಣಿಸಿ ನೋಡಲಿ. ಎರಡನೆಯವರು ಅದೇ ಉತಾರವನ್ನು ಶಾಸನವನ್ನು ಓದುವ ಎಚ್ಚರದಿಂದ ಓದಲಿ. ಎರಡು ಪಟ್ಟಿಗಳನ್ನೂ ಒಟ್ಟಿಗಿಟ್ಟು ಹೋಲಿಸಿದರೆ ಇಬ್ಬರಿಗೂ ಹೊಸದೇನಾದರೂ ತಿಳಿಯದೆ ಇರಲಾರದು.